ಲೇಹ್–ಪೋರ್ಟ್ ಬ್ಲೇರ್ ನಡುವಣ ಅಂತರ ಹಾಗೂ ಎರಡು ಹಳದಿ ಚೀಲಗಳ ಕುರಿತು

ಮಾನ್ಯ ಓದುಗರಲ್ಲಿ ವಿನಂತಿ.

ಈ ಬರಹದ ಅಕ್ಷರಗಳು ದುಂಡಗಿಲ್ಲ, ಕಾಗುಣಿತವೂ ನಂಬಿಕೆಗೆ ಅರ್ಹವಲ್ಲ. ಈ ಎರಡಕ್ಕೂ ಮೊದಲೇ ಕ್ಷಮೆ ಯಾಚಿಸುತ್ತೇನೆ. ಅಲ್ಪಪ್ರಾಣ ಬರಬೇಕಾದಲ್ಲಿ ಮಹಾಪ್ರಾಣ ಬಂದಿರಬಹುದು, ಸಾಲುಗಳು ಬಲಕ್ಕೆ ಸಾಗುತ್ತ ಮೇಲಕ್ಕೇರಿರಬಹುದು. ಇದುವರೆಗೆ ನಾನು ಬರೆದಿರುವುದೆಲ್ಲ ಕಚೇರಿಯ ಪತ್ರಗಳನ್ನು ಮಾತ್ರ. ಅವೂ ಹೆಚ್ಚಾಗಿ, ರದ್ದಾದ ಟಿಕೆಟ್ಟುಗಳ ಸಂಬಂಧ ವಿಮಾನ ಕಂಪನಿಗಳಿಗೆ ಬರೆದ ನೆನಪೋಲೆಗಳು. ಆದುದರಿಂದ ಈ ಬರಹವೂ ಅದೇ ಧಾಟಿಯಲ್ಲಿ ಸಾಗಿದರೆ ತಾವು ಅನ್ಯಥಾ ಭಾವಿಸಬಾರದಾಗಿ ಪ್ರಾರ್ಥಿಸುತ್ತೇನೆ. ಬೇರೆ ಧಾಟಿ ನನಗೆ ತಿಳಿಯದು.

ಮೇಲ್ಕಂಡ ವಿಷಯಕ್ಕೆ ಬರುವ ಮುನ್ನ ನನ್ನ ಪರಿಚಯವನ್ನು ಸಲ್ಲಿಸಬೇಕಾಗಿದೆ. ನಾನು ಬಸವನಗುಡಿಯ ಗಾಂಧಿ ಬಜಾರಿನಲ್ಲಿ, ಹೂವಿನ ಅಂಗಡಿಗಳ ಮೇಲಿನ ಮಹಡಿಯಲ್ಲಿದ್ದ ಒಂದು ಪ್ರಯಾಣ ಕಚೇರಿಯಲ್ಲಿ ವಿಮಾನ ಟಿಕೆಟ್ಟುಗಳ ಕೌಂಟರನ್ನು ನೋಡಿಕೊಳ್ಳುತ್ತಿದ್ದು, ಇತ್ತೀಚೆಗೆ ನಿವೃತ್ತಳಾಗಿರುತ್ತೇನೆ. ಬಡ್ತಿ ಮತ್ತು ಸನ್ಮಾನಗಳ ವಿವರ ಇಲ್ಲಿ ಅನಗತ್ಯ. ಟಿಕೆಟ್ಟು ಫೋನಿನಲ್ಲೇ ಸಿಗುವ ಈ ಕಾಲದಲ್ಲೂ ನಮ್ಮ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೌಂಟರಿಗೆ ಬರುವವರು ಸುತ್ತಿ ಬಳಸಿ ಕೇಳುವುದು ಎರಡೇ ಪ್ರಶ್ನೆ: ಎಷ್ಟು ದೂರ, ಎಷ್ಟು ಹೊತ್ತು. ಈ ಎರಡಕ್ಕೂ ಪೂರ್ತಿ ಸರಿಯಾದ ಉತ್ತರ ಯಾವುದೆಂಬುದು ನನಗೆ ಈಗಲೂ ಕುತೂಹಲದ ವಿಷಯವೇ ಆಗಿದೆ.

ನಾನು ಸೇರಿದ ಕಾಲದಲ್ಲಿ ನಮ್ಮಲ್ಲಿ ಕಂಪ್ಯೂಟರ್ ಇರಲಿಲ್ಲ. ಇಟ್ಟಿಗೆಯಷ್ಟು ದಪ್ಪದ ವೇಳಾಪಟ್ಟಿಯ ಪುಸ್ತಕ, ಕೆಂಪು ಕಾರ್ಬನ್ನಿನ ಟಿಕೆಟ್ಟುಗಳು, ಒಂದು ಫೋನು, ಇವಿಷ್ಟೇ ನಮ್ಮ ಸಲಕರಣೆ. ಇವಲ್ಲದೆ ಮ್ಯಾನೇಜರ್ ಶ್ರೀ ಪಂಚಾಕ್ಷರಯ್ಯನವರ ಮೇಜಿನ ಮೇಲೆ ಒಂದು ದೊಡ್ಡ ಭೂಗೋಳವಿತ್ತು. ಎರಡು ಊರುಗಳ ಅಂತರ ಬೇಕೆಂದಾಗ ಅವರು ಕೆಳಗಿನ ಹೂವಾಡಗಿತ್ತಿಯಿಂದ ಒಂದೆಳೆ ದಾರ ತರಿಸಿ, ಅದನ್ನು ಆ ಎರಡು ಊರುಗಳ ನಡುವೆ ಬಿಗಿಯಾಗಿ ಎಳೆದು, ಬಳಿಕ ಅದೇ ದಾರವನ್ನು ಭೂಮಧ್ಯರೇಖೆಯ ಮೇಲೆ ಇಟ್ಟು ಅಳೆಯುತ್ತಿದ್ದರು. ಗೋಡೆಯ ಮೇಲೆ ಚೆಂದದ ನಕ್ಷೆಯೊಂದಿದ್ದರೂ ಅದನ್ನು ಅವರು ಕಣ್ಣೆತ್ತಿ ನೋಡುತ್ತಿರಲಿಲ್ಲ. ಕಾರಣವನ್ನು ನಾನು ತಿಳಿದುಕೊಂಡದ್ದು ಒಂದು ಜಗಳದಿಂದ.

ಚಾಮರಾಜಪೇಟೆಯಲ್ಲಿ ವಾಸವಿದ್ದು ಪೇಟೆಯಲ್ಲಿ ಹಗ್ಗ ಹುರಿಗಳ ವ್ಯಾಪಾರ ನಡೆಸುತ್ತಿದ್ದ ಶ್ರೀ ಮರಿಬಸಪ್ಪನವರು ನಮ್ಮ ಹಳೆಯ ಗಿರಾಕಿ. ಒಂದು ವ್ಯಾಪಾರ ಮೇಳದ ನಿಮಿತ್ತ ಲಂಡನ್ ಮಾರ್ಗವಾಗಿ ಕೆನಡಾದ ಪಶ್ಚಿಮ ತೀರಕ್ಕೆ ಹೋಗಿ ಬಂದ ಅವರು, ಬಂದ ಮಾರನೆಯ ದಿನವೇ ನಮ್ಮ ಮೆಟ್ಟಿಲು ಹತ್ತಿದರು.

"ಏನ್ ಸ್ವಾಮಿ ಪಂಚಾಕ್ಷರಯ್ಯನೋರೇ, ನನ್ನ ಊರೆಲ್ಲಾ ಸುತ್ತಿಸಿ ಕರ್ಕೊಂಡು ಹೋದ್ರಲ್ಲಾ ನಿಮ್ಮ ವಿಮಾನದೋರು? ಕಿಟಕಿಯಿಂದ ನೋಡ್ತೀನಿ, ಕೆಳಗೆ ಬರೀ ಹಿಮ! ನಿಮ್ಮ ಗೋಡೆ ಮೇಲಿದೆಯಲ್ಲಾ ನಕ್ಷೆ, ಅದ್ರಲ್ಲಿ ಲಂಡನ್ನಿಂದ ಸೀದಾ ಎಡಕ್ಕೆ ಹೋದ್ರೆ ಮುಗೀತು. ಉತ್ತರಕ್ಕೆ ಯಾಕ್ ಹೋಗ್ಬೇಕು? ಆಟೋದವರಿಗಿಂತ ಕಡೆಯಾದ್ರಲ್ಲ!"

ಪಂಚಾಕ್ಷರಯ್ಯನವರು ದಾರವನ್ನು ಅವರ ಕೈಗೇ ಕೊಟ್ಟು, "ನೀವೇ ಎಳೀರಿ. ನಿಮ್ಮ ಕಸುಬು ತಾನೆ" ಎಂದರು. ಮರಿಬಸಪ್ಪನವರು ಒಂದು ತುದಿಯನ್ನು ಲಂಡನ್ನಿನ ಮೇಲೆ ಹೆಬ್ಬೆರಳಿನಿಂದ ಒತ್ತಿ, ಇನ್ನೊಂದನ್ನು ಕೆನಡಾದ ತೀರಕ್ಕೆ ಎಳೆದರು. ಬಿಗಿಯಾಗುತ್ತಿದ್ದಂತೆ ದಾರ ತಾನಾಗಿ ಮೇಲಕ್ಕೆ ಜಾರಿ ಗ್ರೀನ್‌ಲ್ಯಾಂಡಿನ ಬಳಿ ಹೋಗಿ ನಿಂತಿತು. ಅವರು ಅದನ್ನು ಕೆಳಕ್ಕೆ ತಳ್ಳಿ ನೋಡಿದರು. ದಾರ ಸಡಿಲವಾಯಿತು. ಮತ್ತೆ ಎಳೆದರು, ಮತ್ತೆ ಮೇಲಕ್ಕೇ ಹೋಯಿತು.

"ಹಗ್ಗ ಸುಳ್ಳು ಹೇಳಲ್ಲ," ಎಂದು ಬಹಳ ಹೊತ್ತಿನ ಮೇಲೆ ಒಪ್ಪಿಕೊಂಡರು. "ಆದ್ರೆ ಈ ಹೂವಿನ ದಾರ ಕಳಪೆ ಮಾಲು. ನಾಳೆ ನಮ್ಮಂಗಡಿ ಹುರಿ ಕಳಿಸ್ತೀನಿ, ಅದ್ರಲ್ಲಿ ಅಳೀರಿ." ಹೇಳಿದಂತೆಯೇ ಒಂದು ಉಂಡೆ ಹುರಿಯನ್ನು ಕಳುಹಿಸಿಕೊಟ್ಟರು. ನಾನು ನಿವೃತ್ತಳಾಗುವವರೆಗೂ ನಮ್ಮ ಕಚೇರಿಯ ಅಂತರಗಳೆಲ್ಲವೂ ಆ ಹುರಿಯಲ್ಲೇ ಅಳೆಯಲ್ಪಟ್ಟವು.

ದೂರದ ವಿಚಾರ ಹೀಗೆ ಹುರಿಯಿಂದ ಇತ್ಯರ್ಥವಾಗುತ್ತಿತ್ತು. ಹೊತ್ತಿನ ವಿಚಾರ ಅಷ್ಟು ಸುಲಭದ್ದಲ್ಲ. ದೆಹಲಿಯಿಂದ ಕೋಲ್ಕತ್ತಕ್ಕೆ ಹೋಗುವ ವಿಮಾನ, ಅದೇ ದಾರಿಯಲ್ಲಿ ಮರಳುವಾಗ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಚಳಿಗಾಲದಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಬಹಳ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ಹೊಳೆಯೊಂದು ಹರಿಯುತ್ತಿರುತ್ತದೆಂದೂ, ಹೊಳೆಯ ಜೊತೆಗೆ ಈಜುವುದಕ್ಕೂ ಎದುರು ಈಜುವುದಕ್ಕೂ ಇರುವ ವ್ಯತ್ಯಾಸವೇ ಇದೆಂದೂ ತಿಳಿಸಿದರೆ ಗಿರಾಕಿಗಳು ನನ್ನನ್ನೇ ಅನುಮಾನದಿಂದ ನೋಡುತ್ತಿದ್ದರು. "ದಾರಿ ಅದೇ, ವಿಮಾನ ಅದೇ, ಬರೋವಾಗ ಮಾತ್ರ ಲೇಟು. ಡ್ರೈವರ್ ಬೇರೆ ಇರ್ಬೇಕು ಬಿಡಿ" ಎಂದವರೂ ಉಂಟು.

ಇದಕ್ಕಿಂತ ದೊಡ್ಡ ತೊಡಕೆಂದರೆ ಪ್ರಯಾಣ ಆರಂಭವಾಗುವುದು ಯಾವಾಗ ಎಂಬುದು. ವಿಮಾನ ಕಂಪನಿಯವರ ಲೆಕ್ಕದಲ್ಲಿ, ಚಕ್ರಗಳಿಗೆ ಕೊಟ್ಟ ಅಡೆಯನ್ನು ತೆಗೆದು ವಿಮಾನ ನಿಂತಲ್ಲಿಂದ ಕದಲಿದ ಕ್ಷಣವೇ ಆರಂಭ. ಇನ್ನೊಂದು ಊರಿನಲ್ಲಿ ಅಡೆ ಕೊಟ್ಟ ಕ್ಷಣವೇ ಮುಕ್ತಾಯ. ನಮ್ಮ ಗಿರಾಕಿಗಳ ಲೆಕ್ಕ ಮನೆಯ ಬಾಗಿಲಿನಿಂದ. ವಿಮಾನ ನಿಲ್ದಾಣ ದೇವನಹಳ್ಳಿಯ ಕಡೆಗೆ ಹೋದ ಮೇಲಂತೂ, ತ್ಯಾಗರಾಜನಗರದಿಂದ ವಿಮಾನ ಹತ್ತುವಷ್ಟರಲ್ಲಿ ಆಗುವ ಹೊತ್ತಿನಲ್ಲಿ ಚೆನ್ನೈಗೆ ಹಾರಿ ವಾಪಸು ಬರಬಹುದಿತ್ತು.

ಮರಿಬಸಪ್ಪನವರ ಲೆಕ್ಕ ಮೂರನೆಯದು. ಅವರ ವಿಮಾನ ರಾಹುಕಾಲದಲ್ಲಿ ಹೊರಡುವುದಿದ್ದರೆ, ಹಿಂದಿನ ದಿನವೇ ಒಳ್ಳೆಯ ಗಳಿಗೆ ನೋಡಿ, ಒಂದು ಚೀಲದಲ್ಲಿ ಟವೆಲ್ಲು, ಒಂದು ಜೊತೆ ಬಟ್ಟೆ ಹಾಕಿಕೊಂಡು ಬಂದು ನಮ್ಮ ಕೌಂಟರಿನ ಕೆಳಗೆ ಇಟ್ಟು ಹೋಗುತ್ತಿದ್ದರು. ಇದಕ್ಕೆ ಪ್ರಸ್ಥಾನವೆಂದು ಹೆಸರು. ಚೀಲ ಮನೆಯಿಂದ ಆಚೆ ಬಿದ್ದರೆ ಮನುಷ್ಯ ಹೊರಟಂತೆಯೇ ಎಂದು ಲೆಕ್ಕ. ಆ ಮೇಲೆ ರಾಹುಕಾಲವಿರಲಿ, ವಾರಶೂಲವಿರಲಿ, ಬಾಧಕವಿಲ್ಲ. ಹೊರಡುವ ದಿನ ದಾರಿಯಲ್ಲಿ ಕಾರು ನಿಲ್ಲಿಸಿ ಚೀಲ ಎತ್ತಿಕೊಂಡು ಹೋಗುತ್ತಿದ್ದರು.

"ನಾನು ನಿನ್ನೆ ಬೆಳಿಗ್ಗೇನೇ ಹೊರಟಾಯ್ತು ಮೇಡಂ," ಎನ್ನುತ್ತಿದ್ದರು. "ಅಲ್ಲಿಂದ ಲೆಕ್ಕ ಹಾಕಿ, ನಿಮ್ಮ ವಿಮಾನ ಎಷ್ಟು ನಿಧಾನ ಅಂತ ಗೊತ್ತಾಗುತ್ತೆ."

ಇನ್ನು ಪಂಚಾಕ್ಷರಯ್ಯನವರ ಒಂದು ಪ್ರಮಾದದ ಬಗ್ಗೆಯೂ ತಿಳಿಸಬೇಕಾಗಿದೆ, ಏಕೆಂದರೆ ಮುಂದಿನ ಪ್ರಕರಣಕ್ಕೆ ಅದೇ ಆಧಾರ. ಮಲ್ಲೇಶ್ವರದ ಮಹಿಳೆಯರ ಗುಂಪೊಂದನ್ನು ಲೇಹ್‌ಗೆ ಕಳುಹಿಸುವಾಗ ಅವರು, ಬೆಳಿಗ್ಗೆ ಬೌದ್ಧ ಮಠಗಳನ್ನು ನೋಡಿ ಮಧ್ಯಾಹ್ನದ ವಿಮಾನದಲ್ಲಿ ಮರಳುವುದೆಂದು ಕಾರ್ಯಕ್ರಮ ಹಾಕಿಕೊಟ್ಟಿದ್ದರು. ದೆಹಲಿಗೆ ಗಂಟೆಗೊಂದು ವಿಮಾನವಿರುವಂತೆ ಅಲ್ಲಿಯೂ ಇದ್ದೀತೆಂದು ಭಾವಿಸಿ, ಟಿಕೆಟ್ಟುಗಳನ್ನು ಅಲ್ಲೇ ಖಚಿತಪಡಿಸಿಕೊಳ್ಳಲು ತಿಳಿಸಿದ್ದರು. ನಿಗದಿತ ದಿನ ಮಧ್ಯಾಹ್ನ ಫೋನು ಬಂತು. ಗುಂಪಿನ ಮುಖ್ಯಸ್ಥೆಯ ದನಿ ಕೌಂಟರಿನಲ್ಲಿದ್ದ ನನಗೂ ಕೇಳಿಸುತ್ತಿತ್ತು.

"ಪಂಚಾಕ್ಷರಯ್ಯನೋರೇ, ಇಲ್ಲಿ ಏರ್‌ಪೋರ್ಟಿಗೆ ಬೀಗ ಹಾಕಿದಾರೆ!"

"ಬೀಗಾನಾ? ಯಾಕಮ್ಮಾ, ಏನಾದ್ರೂ ಗಲಾಟೆನಾ?"

"ಗಲಾಟೆ ಏನಿಲ್ಲ. ಮಧ್ಯಾಹ್ನ ಆಯ್ತಂತೆ, ಅದಕ್ಕೆ ಬೀಗ. ನಾಳೆ ಬನ್ನಿ ಅಂತಾರೆ. ಇದೇನ್ರೀ, ಸರ್ಕಾರಿ ಆಸ್ಪತ್ರೇನಾ?"

ವಿಚಾರಿಸಲಾಗಿ ತಿಳಿದುಬಂದದ್ದೇನೆಂದರೆ, ಅಷ್ಟು ಎತ್ತರದ ಊರಿನಲ್ಲಿ ಗಾಳಿ ತೆಳುವಾಗಿರುತ್ತದೆ, ಬಿಸಿಲೇರಿದಂತೆ ಇನ್ನೂ ತೆಳುವಾಗುತ್ತದೆ. ರೆಕ್ಕೆಗಳಿಗೆ ಭಾರ ಎತ್ತುವ ಆಸರೆ ಸಾಲದು. ಜೊತೆಗೆ ಕಣಿವೆಯಲ್ಲಿ ಮಧ್ಯಾಹ್ನದಿಂದ ಗಾಳಿ ಏಳುತ್ತದೆ. ಹಾಗಾಗಿ ಅಲ್ಲಿನ ವಿಮಾನಗಳೆಲ್ಲ ಬೆಳಗಿನವು. ಅಂದು ಪಂಚಾಕ್ಷರಯ್ಯನವರು ನನಗೆ ಒಂದು ಪಾಠ ಹೇಳಿದರು: "ವಿಮಲಾ ಅವರೇ, ದೊಡ್ಡ ಊರಿಗಾದ್ರೆ ಗಂಟೆ ಲೆಕ್ಕ ಹಾಕಿ. ದೂರದ ಮೂಲೆ ಊರಿಗಾದ್ರೆ ಬೆಳಗಿನ ಲೆಕ್ಕ ಹಾಕಿ. ಎಷ್ಟು ಬೆಳಗು ಬೇಕು ಅಂತ."

ವರ್ಷಗಳು ಕಳೆದವು. ದಪ್ಪ ಪುಸ್ತಕ ಹೋಗಿ ಹಸಿರು ಅಕ್ಷರದ ಕಂಪ್ಯೂಟರ್ ಬಂತು, ಅದೂ ಹೋಗಿ ಬಣ್ಣದ ಪರದೆ ಬಂತು. ಪಂಚಾಕ್ಷರಯ್ಯನವರು ನಿವೃತ್ತರಾಗುವಾಗ ಭೂಗೋಳವನ್ನು ನನ್ನ ಮೇಜಿಗೆ ಸರಿಸಿ ಹೋದರು. ಇನ್ನು ಮುಖ್ಯ ಪ್ರಕರಣವನ್ನು ತಮ್ಮ ಗಮನಕ್ಕೆ ತರುತ್ತೇನೆ.

ಒಂದು ದಿನ ಬೆಳಿಗ್ಗೆ ಬಿಳಿ ಪಂಚೆ, ಬಿಳಿ ಅಂಗಿಯ ಹಿರಿಯರೊಬ್ಬರು ಬಂದು ಕೌಂಟರಿನ ಮುಂದೆ ಕುಳಿತರು. ತ್ಯಾಗರಾಜನಗರದ ಶ್ರೀ ಬೋರೇಗೌಡರು. ಹಳ್ಳಿಯಿಂದ ಬಂದು ಕಟ್ಟಡ ಸಾಮಗ್ರಿಗಳ ಅಂಗಡಿ ಇಟ್ಟು ಬೆಳೆದವರೆಂದು ಬಳಿಕ ತಿಳಿಯಿತು.

"ಲೇಹ್ ಅಂತ ಒಂದು ಊರಿದೆಯಲ್ಲ ತಾಯಿ, ಮೇಲ್ಗಡೆ. ಅಲ್ಲಿಂದ ಪೋರ್ಟ್ ಬ್ಲೇರ್‌ಗೆ ಎಷ್ಟು ದೂರ? ವಿಮಾನದಲ್ಲಿ ಎಷ್ಟು ಹೊತ್ತಾಯ್ತದೆ?"

"ಯಾರು ಸಾರ್ ಪ್ರಯಾಣ ಮಾಡೋರು? ಯಾವ ತಾರೀಖು?"

"ಯಾರೂ ಮಾಡಲ್ಲ. ಎಷ್ಟು ಹೊತ್ತು ಅಂತ ಹೇಳು ಸಾಕು."

ಅಂಡಮಾನಿನ ಆ ಊರಿಗೆ ಈಗ ಹೊಸ ಹೆಸರು ಬಂದಿದೆ. ಆಗ ಪೋರ್ಟ್ ಬ್ಲೇರ್ ಎಂದೇ ಇತ್ತು. ಒಂದು ಊರು ದೇಶದ ನೆತ್ತಿಯಲ್ಲಿ, ಇನ್ನೊಂದು ಸಮುದ್ರದ ನಡುವೆ. ಈ ಎರಡನ್ನು ಒಟ್ಟಿಗೆ ಸೇರಿಸಿ ಅದುವರೆಗೆ ಯಾರೂ ನನ್ನನ್ನು ಪ್ರಶ್ನಿಸಿರಲಿಲ್ಲ. ಕಂಪ್ಯೂಟರಿನಲ್ಲಿ ನೇರ ಸೇವೆ ಇಲ್ಲವೆಂದು ಬಂತು. ನಾನು ಆಸಕ್ತಿಯಿಂದಲೇ ಹುರಿಯನ್ನು ತೆಗೆದು ಭೂಗೋಳದ ಮೇಲೆ ಎಳೆದೆ. ಅದು ಹಿಮಾಲಯವನ್ನು ದಾಟಿ, ನೇಪಾಳದ ಅಂಚನ್ನು ಸವರಿ, ಬಿಹಾರದ ಮೇಲೆ ಹಾದು, ಒಡಿಶಾದ ತೀರದಲ್ಲಿ ಸಮುದ್ರಕ್ಕಿಳಿಯಿತು.

"ಮೂರು ಸಾವಿರ ಕಿಲೋಮೀಟರಿಗೆ ಸ್ವಲ್ಪ ಕಡಿಮೆ ಸಾರ್. ನೇರ ವಿಮಾನ ಇದ್ದಿದ್ರೆ ನಾಲ್ಕು ಗಂಟೆ."

"ಇದ್ದಿದ್ರೆ ಅಂದ್ರೆ?"

"ನೇರ ವಿಮಾನ ಇಲ್ಲ ಸಾರ್."

"ಇಲ್ದೇ ಇರೋದ್ರ ಹೊತ್ತು ನಂಗ್ಯಾಕಮ್ಮಾ ಹೇಳ್ತೀಯ?"

ಬಳಿಕ ಅವರು ನಿಜ ಸಂಗತಿಯನ್ನು ಹೇಳಿದರು. ಅವರ ತಮ್ಮನ ಮಗಳು ಸುಮಾ. ತಂದೆಯಿಲ್ಲದ ಅವಳನ್ನು ಬೆಳೆಸಿದವರು ಇವರೇ. ಅವಳು ಪೋರ್ಟ್ ಬ್ಲೇರಿನಲ್ಲಿ ಮೀನುಗಳ ಸಮೀಕ್ಷೆಯ ಕೆಲಸದಲ್ಲಿದ್ದಳು. ಗವಿಪುರದ ಹರೀಶ ಎಂಬ ವರನನ್ನು ನೋಡಿದ್ದರು. ಅವನು ಲೇಹ್‌ನಲ್ಲಿ ರಸ್ತೆಗಳ ಎಂಜಿನಿಯರ್. ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿದ್ದರು. ವರ್ಗಾವಣೆ ಸಿಗಲು ಇಬ್ಬರಿಗೂ ಕೆಲವು ವರ್ಷ ಕಾಯಬೇಕಿತ್ತು.

"ಹುಡುಗ ಒಳ್ಳೇನು, ಮನೆ ಒಳ್ಳೇದು. ಎಲ್ಲಾ ಸರಿ," ಎಂದರು ಬೋರೇಗೌಡರು. "ನನ್ನ ತಮ್ಮ ದೂರದ ಊರಲ್ಲಿ ಕೆಲ್ಸದಲ್ಲಿದ್ದ. ಹುಷಾರಿಲ್ಲ ಅಂತ ಸುದ್ದಿ ಬಂತು. ಅವನ ಹೆಂಡ್ತಿ, ನಾನು, ಈ ಮಗು, ರೈಲು ಹತ್ತಿ ಹೋಗಿ ಸೇರೋ ಹೊತ್ತಿಗೆ ಎಲ್ಲಾ ಮುಗ್ದೋಗಿತ್ತು. ಅದಕ್ಕೇ ನಾನು ಒಂದೇ ಮಾತು ಹೇಳಿದೀನಿ. ಒಬ್ಬರಿಗೆ ಜ್ವರ ಅಂದ್ರೆ, ಇನ್ನೊಬ್ಬರು ಬೆಳಿಗ್ಗೆ ಹೊರಟು ರಾತ್ರಿ ಊಟದ ಹೊತ್ತಿಗೆ ಪಕ್ಕದಲ್ಲಿರ್ಬೇಕು. ಆಯ್ತದೆ ಅಂದ್ರೆ ಮದ್ವೆ. ಆಗಲ್ಲ ಅಂದ್ರೆ ಇಲ್ಲ. ನಿಮ್ಮ ಕಚೇರಿ ಕಾಗದದಲ್ಲಿ ಬರ್ಕೊಡು, ಬಂದು ತಗೊಂಡೋಯ್ತೀನಿ."

ಅವರು ಹೋದ ಮೇಲೆ ನಾನು ಆ ಪ್ರಶ್ನೆಯಲ್ಲಿ ಮುಳುಗಿಹೋದೆ. ಲೇಹ್‌ನ ಮೊದಲ ವಿಮಾನ ಹಿಡಿದು, ದೆಹಲಿಯಲ್ಲಿ ಇಳಿದು, ಕೋಲ್ಕತ್ತದ ವಿಮಾನಕ್ಕೆ ಓಡಿ, ಅಲ್ಲಿಂದ ಪೋರ್ಟ್ ಬ್ಲೇರ್. ಹಾರುವ ಗಂಟೆಗಳನ್ನು ಮಾತ್ರ ಕೂಡಿಸಿದರೆ ಸಂಜೆಯೊಳಗೆ ಸುಲಭವಾಗಿ ತಲುಪಬೇಕು. ಆದರೆ ಆ ಕಾಲದಲ್ಲಿ ಪೋರ್ಟ್ ಬ್ಲೇರ್ ಕೂಡ ಲೇಹ್‌ನ ಹಾಗೆಯೇ ಬೆಳಗಿನ ನಿಲ್ದಾಣವಾಗಿತ್ತು. ಮಧ್ಯಾಹ್ನ ಕಳೆಯುತ್ತಿದ್ದಂತೆ ಅಲ್ಲಿಗೂ ವಿಮಾನ ಇಳಿಯುತ್ತಿರಲಿಲ್ಲ. ಚೆನ್ನೈ ಮೂಲಕ ನೋಡಿದೆ, ಅದೂ ಆಗಲಿಲ್ಲ. ತಿರುಗಿಸಿ, ಪೋರ್ಟ್ ಬ್ಲೇರಿನಿಂದ ಹೊರಟು ನೋಡಿದೆ. ಆಗ ದೆಹಲಿ ತಲುಪುವಷ್ಟರಲ್ಲಿ ಲೇಹ್ ಮುಚ್ಚಿರುತ್ತಿತ್ತು. ಮೇಲಾಗಿ ಪಶ್ಚಿಮಕ್ಕೆ ಹೋಗುವಾಗ ಗಾಳಿಯ ಹೊಳೆಯೂ ಎದುರು.

ಇದರಲ್ಲಿ ನನಗೆ ಬಹಳ ಸೋಜಿಗವೆನಿಸಿದ ಅಂಶವೊಂದಿದೆ. ಭೂಗೋಳದ ಮೇಲೆ ಈ ಎರಡು ಊರುಗಳ ನಡುವೆ ಅಡ್ಡಡ್ಡ ಹದಿನೈದು ಡಿಗ್ರಿಗಳ ಅಂತರವಿದೆ. ಹದಿನೈದು ಡಿಗ್ರಿಯೆಂದರೆ ಸೂರ್ಯನಿಗೆ ಒಂದು ಗಂಟೆಯ ದಾರಿ. ಲೇಹ್‌ನಲ್ಲಿ ಬಿಸಿಲು ನೆತ್ತಿಗೇರುವ ಹೊತ್ತಿಗೆ ಪೋರ್ಟ್ ಬ್ಲೇರಿನಲ್ಲಿ ಅದು ಇಳಿಯತೊಡಗಿರುತ್ತದೆ. ಆದರೂ ಎರಡೂ ಕಡೆಯ ಗೋಡೆ ಗಡಿಯಾರ ಒಂದೇ ಸಮಯ ತೋರಿಸುತ್ತದೆ. ಗಂಡನ ಬೆಳಗು ಹೆಂಡತಿಯ ಬೆಳಗಿಗಿಂತ ಒಂದು ಗಂಟೆ ತಡ, ಆದರೆ ಗಡಿಯಾರಕ್ಕೆ ಅದು ತಿಳಿಯದು. ಬೆಳಗನ್ನೇ ನಂಬಿದ ಎರಡು ನಿಲ್ದಾಣಗಳ ನಡುವೆ ಪ್ರಯಾಣ ಮಾಡುವವರಿಗೆ ಎರಡು ಬೆಳಗು ಬೇಕೇ ಬೇಕು. ಒಂದರಲ್ಲಿ ಆಗುವ ಕೆಲಸವಲ್ಲ.

ಬೋರೇಗೌಡರು ಪತ್ರಕ್ಕಾಗಿ ಮತ್ತೆ ಬರುವ ಮೊದಲೇ ಇನ್ನೊಬ್ಬರು ಬಂದರು. ಬಿಸಿಲಿಗೆ ಕಂದಿದ ಮುಖ, ಕತ್ತರಿಸಿದ ಕೂದಲು, ಹೆಗಲಿಗೊಂದು ಬ್ಯಾಗು. ರಜೆಯ ಮೇಲೆ ಬಂದಿದ್ದ ಸುಮಾ.

"ಆಂಟಿ, ನಮ್ಮ ದೊಡ್ಡಪ್ಪ ಒಂದು ಲೆಟರ್ ಕೇಳಿದ್ರಂತಲ್ಲ. ಆಯ್ತಾ?"

"ಇಲ್ಲಮ್ಮ, ಇನ್ನೂ ಬರೀತಿದೀನಿ."

"ಒಂದೇ ದಿನದಲ್ಲಿ ಆಗುತ್ತೆ ಅಂತ ಬರೀತಿಲ್ಲ ಅಲ್ವಾ?" ಎಂದು ಕೇಳಿದಳು. ಆ ದಾರಿಗಳನ್ನು ಅವಳೂ ನೋಡಿದ್ದಳೆಂದು ಅವಳ ಮುಖವೇ ಹೇಳುತ್ತಿತ್ತು.

"ಹೇಗೆ ಬರೀಲಮ್ಮ? ನಾಳೆ ನಿಮ್ಮಲ್ಲಿ ಯಾರಿಗಾದ್ರೂ ನಿಜವಾಗ್ಲೂ ಜ್ವರ ಬಂದ್ರೆ?"

ಎದುರಿಗಿದ್ದ ಭೂಗೋಳದ ಮೇಲೆ ಹುರಿ ಇನ್ನೂ ಹಾಗೆಯೇ ಅಂಟಿಕೊಂಡಿತ್ತು. ಅವಳು ಅದರ ನಡುಭಾಗವನ್ನು ಎರಡು ಬೆರಳಲ್ಲಿ ಹಿಡಿದು ಕೆಳಕ್ಕೆ ಜಗ್ಗತೊಡಗಿದಳು. ಮರಿಬಸಪ್ಪನವರು ಅಂದು ಮಾಡಿದ್ದೂ ಅದನ್ನೇ. ಆದರೆ ಇವಳು ಬಿಡಲಿಲ್ಲ. ಹುರಿ ಸಡಿಲವಾಗಿ ಬೆಂಗಳೂರಿನವರೆಗೂ ಬಂತು.

"ಇದು ನೇರ ದಾರಿ ಅಲ್ಲಮ್ಮ. ತುಂಬ ಸುತ್ತು," ಎಂದೆ.

"ಇರ್ಲಿ ಆಂಟಿ. ನಾನು ಲೇಹ್‌ಗೆ ಹೋಗ್ಬೇಕು, ಇಲ್ಲಾ ಅವರು ಪೋರ್ಟ್ ಬ್ಲೇರ್‌ಗೆ ಬರ್ಬೇಕು ಅಂತ ಯಾರು ಹೇಳಿದ್ದು? ಲೇಹ್‌ನಲ್ಲಿ ಬೆಳಿಗ್ಗೆ ಹತ್ತಿದ್ರೆ ಇಲ್ಲಿಗೆ ಯಾವಾಗ ಬರ್ತಾರೆ?"

ನಾನು ಕೀಲಿಮಣೆಯನ್ನು ಒತ್ತಿದೆ. ದೆಹಲಿ ಮಾರ್ಗವಾಗಿ, ಸಂಜೆಯೊಳಗೆ. "ಪೋರ್ಟ್ ಬ್ಲೇರ್‌ನಿಂದ?" ಎಂದಳು. ಅದು ಮಧ್ಯಾಹ್ನಕ್ಕೆ. ಎರಡೂ ಕಡೆ ಬೆಳಗಿನ ವಿಮಾನ, ಎರಡೂ ಬೆಂಗಳೂರಿಗೆ ಅದೇ ದಿನ. ಅಷ್ಟು ಹೊತ್ತೂ ನನ್ನನ್ನು ಕಾಡಿದ್ದ ಎರಡು ಬೆಳಗುಗಳು, ಇಬ್ಬರೂ ಒಮ್ಮೆಲೇ ಹೊರಟರೆ ಒಂದೇ ಬೆಳಗಾಗಿಬಿಡುತ್ತಿದ್ದವು.

"ಆದ್ರೆ ಜ್ವರ ಬಂದೋರು ಹೇಗಮ್ಮ ಹೊರಡ್ತಾರೆ?"

"ಸಣ್ಣ ಜ್ವರ ಆದ್ರೆ ಹೊರಡ್ತಾರೆ. ದೊಡ್ಡ ಕಾಯಿಲೆ ಆದ್ರೆ ಅಲ್ಲಿ ಆಸ್ಪತ್ರೆ ಸಾಲಲ್ಲ, ಹೇಗೂ ದೊಡ್ಡ ಊರಿಗೆ ಕಳಿಸ್ತಾರೆ. ಅಲ್ಲಿ ಕೆಲ್ಸ ಮಾಡೋಳು ನಾನು, ನೋಡಿದೀನಿ. ಬರೀರಿ ಆಂಟಿ. ಇರೋದನ್ನ ಇದ್ದ ಹಾಗೇ ಬರೀರಿ."

ಆ ಪತ್ರವನ್ನು ನಾನು ಮೂರ್ನಾಲ್ಕು ಸಲ ಹರಿದು ಬರೆದೆ. ಕೊನೆಗೆ ಉಳಿದದ್ದು ಇಷ್ಟು: "ತಾವು ಕೋರಿರುವ ಮಾಹಿತಿಗೆ ಸಂಬಂಧಿಸಿದಂತೆ, ಲೇಹ್‌ನಿಂದ ಪೋರ್ಟ್ ಬ್ಲೇರನ್ನು ಅದೇ ದಿನ ತಲುಪಲು ಸಾಧ್ಯವಿರುವುದಿಲ್ಲ. ಸದರಿ ಎರಡೂ ಸ್ಥಳಗಳಿಂದ ಬೆಳಿಗ್ಗೆ ಹೊರಟವರು ಅದೇ ದಿನ ರಾತ್ರಿಯ ಊಟಕ್ಕೆ ಮುನ್ನ ತಮ್ಮ ಮನೆಯನ್ನು ತಲುಪಬಹುದಾಗಿರುತ್ತದೆ."

ಬೋರೇಗೌಡರು ಕೌಂಟರಿನ ಮುಂದೆ ಕುಳಿತು, ಕನ್ನಡಕ ಹಾಕಿಕೊಂಡು ಅದನ್ನು ಎರಡು ಸಲ ಓದಿದರು. ಮೊದಲ ವಾಕ್ಯಕ್ಕೆ ಅವರ ಮುಖ ಬಿಗಿಯಿತು. ಎರಡನೆಯದರ ಮೇಲೆ ಬೆರಳಿಟ್ಟು ತಲೆ ಎತ್ತಿದರು. ಅವರು ಎದ್ದು ಹೋದರೆ ಆ ಮದುವೆ ಅಲ್ಲಿಗೇ ಮುಗಿಯುತ್ತಿತ್ತು.

"ತಮ್ಮ ಮನೆ ಅಂದ್ರೆ ಯಾವುದು? ನನ್ನ ಮನೇನಾ?"

"ಹೌದು ಸಾರ್. ತ್ಯಾಗರಾಜನಗರ."

"ಹಂಗಾದ್ರೆ ಊಟಕ್ಕೆ ನಾನೂ ಇರ್ತೀನಿ ಅನ್ನು." ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡರು. "ಈ ಯೋಚ್ನೆ ನಿಂದಲ್ಲ ತಾನೆ? ನಮ್ಮ ಹುಡುಗಿ ಬಂದಿದ್ಲಾ?"

ನಾನು ಹೌದೆಂದು ನಿವೇದಿಸಿಕೊಂಡೆ.

"ಅವಳು ಚಿಕ್ಕೋಳಿದ್ದಾಗ್ಲೂ ಇಂಗೇ. ಬೇಡ ಅಂದ್ರೆ ಹಿಂದಿನ ಬಾಗಿಲಲ್ಲಿ ಬಂದು ಕೇಳೋಳು," ಎಂದು ನಗುತ್ತ ಎದ್ದರು. ಮದುವೆ ನಿಶ್ಚಯವಾಯಿತು.

ಮದುವೆಗೆ ನಾನೂ ಹೋಗಿದ್ದೆ. ಅದರ ವರ್ಣನೆ ಇಲ್ಲಿ ಬೇಡ. ಆದರೆ ಆನಂತರದ ಸಂಗತಿಯನ್ನು ದಾಖಲಿಸದಿದ್ದರೆ ತಪ್ಪಾದೀತು. ರಜೆ ಮುಗಿದು ಇಬ್ಬರೂ ಒಂದೇ ದಿನ ಹೊರಡುವುದಿತ್ತು, ಅವನು ಉತ್ತರಕ್ಕೆ, ಅವಳು ಪೂರ್ವಕ್ಕೆ. ಅದು ಬುಧವಾರ. ಹರೀಶನ ತಾಯಿ ಶ್ರೀಮತಿ ಜಯಮ್ಮನವರು ಪಂಚಾಂಗ ಹಿಡಿದು, ಬುಧವಾರ ಉತ್ತರಕ್ಕೆ ವಾರಶೂಲ, ಆ ದಿಕ್ಕಿಗೆ ಹೊರಡಬಾರದೆಂದು ಪಟ್ಟು ಹಿಡಿದರು. ಕೊನೆಗೆ ಪ್ರಸ್ಥಾನದ ತೀರ್ಮಾನವಾಯಿತು. ಮಗನಿಗೆ ಮಾತ್ರ ಏಕೆ, ಸೊಸೆಗೂ ಇರಲಿ ಎಂದು ಭಾನುವಾರ ಬೆಳಿಗ್ಗೆ ಎರಡು ಚೀಲಗಳನ್ನು ತಂದು ನನ್ನ ಮುಂದಿಟ್ಟರು.

"ಪಕ್ಕದ ಮನೆಯೋರು ಊರಲ್ಲಿಲ್ಲ ವಿಮಲಮ್ಮ. ಪ್ರಯಾಣದ ಕಚೇರಿಗಿಂತ ಒಳ್ಳೇ ಜಾಗ ಯಾವುದಿದೆ ಹೇಳಿ? ಇವನ ಚೀಲದಲ್ಲಿ ನಾನೇ ಹೆಣೆದ ಉಣ್ಣೆ ಟೋಪಿ, ಕೈಗವಸು ಇದೆ. ಅವಳದ್ರಲ್ಲಿ ಎರಡು ಹತ್ತಿ ಬಟ್ಟೆ, ಒಂದು ಕೊಡೆ."

ಎರಡು ಚೀಲಗಳೂ ಮದುವೆಯ ಸೀರೆ ಕೊಂಡಾಗ ಒಂದೇ ಜವಳಿ ಅಂಗಡಿಯವರು ಕೊಟ್ಟವು. ಅದೇ ಹಳದಿ ಬಣ್ಣ, ಅದೇ ಕೆಂಪು ಹಿಡಿ. ಮೂರು ದಿನ ಅವು ನನ್ನ ಕೌಂಟರಿನ ಕೆಳಗೆ ಒಂದಕ್ಕೊಂದು ಒರಗಿಕೊಂಡಿದ್ದವು. ಲೇಹ್‌ಗೆ ಹೊರಟದ್ದು ಒಂದು, ಪೋರ್ಟ್ ಬ್ಲೇರ್‌ಗೆ ಹೊರಟದ್ದು ಒಂದು; ನಡುವೆ ಒಂದು ಗೇಣು ಅಂತರವೂ ಇರಲಿಲ್ಲ. ಬೇಕೆಂದೇ ಒಮ್ಮೆ ಹುರಿ ಹಿಡಿದು ನೋಡಿದೆನೆಂಬುದನ್ನು ತಮ್ಮಲ್ಲಿ ಒಪ್ಪಿಕೊಳ್ಳಲು ಸಂಕೋಚವಾಗುತ್ತದೆ.

ಬುಧವಾರ ನಸುಕಿನಲ್ಲಿ ಹೊರಡಬೇಕಾಗಿದ್ದರಿಂದ, ಮಂಗಳವಾರ ಸಂಜೆ ಹರೀಶನೇ ಬಂದು, ಮನೆಯೊಳಗೆ ತರದೆ ಕಾರಿನಲ್ಲೇ ಇಡಬೇಕೆಂಬ ತಾಯಿಯ ಷರತ್ತಿನ ಮೇಲೆ, ಎರಡನ್ನೂ ತೆಗೆದುಕೊಂಡು ಹೋದ. ಗುರುವಾರ ಜಯಮ್ಮನವರ ಫೋನು ಬಂತು.

"ವಿಮಲಮ್ಮ, ಅನಾಹುತ ಆಯ್ತು! ನನ್ನ ಮಗ ಆ ಚಳೀಲಿ ಕೊಡೆ ಹಿಡ್ಕೊಂಡು ಕೂತಿದಾನೆ. ಉಣ್ಣೆ ಟೋಪಿ ಸಮುದ್ರಕ್ಕೆ ಹೋಗಿದೆ!"

ಅಂಚೆಯಲ್ಲೋ ಸರಕು ವಿಮಾನದಲ್ಲೋ ಕಳುಹಿಸಿದರೆ ಎಷ್ಟು ದಿನವಾದೀತೆಂದು ನಾನು ವಿಚಾರಿಸತೊಡಗಿದೆ. ಅಷ್ಟರಲ್ಲಿ ಸುಮಾಳೇ ಕರೆ ಮಾಡಿದಳು.

"ಬಿಡಿ ಆಂಟಿ, ಕಳಿಸಬೇಡಿ. ಅವರು ಅಲ್ಲೇ ಒಂದು ಟೋಪಿ ಕೊಂಡ್ಕೊಂಡ್ರಂತೆ. ಮುಂದಿನ ಸಲ ಬೆಂಗಳೂರಲ್ಲಿ ಬದಲಾಯಿಸ್ಕೋತೀವಿ. ಅಲ್ಲಿವರ್ಗೂ ಅವರ ಚೀಲ ನನ್ನ ಹತ್ರಾನೇ ಇರ್ಲಿ."

ಆ ಮುಂದಿನ ಸಲವೇ ನನ್ನ ಪತ್ರದ ಪರೀಕ್ಷೆಯ ದಿನವಾಯಿತು. ಇಬ್ಬರಿಗೂ ಒಟ್ಟಿಗೆ ರಜೆ ಸಿಕ್ಕಿತು. ಟಿಕೆಟ್ಟು ಮಾಡಿದವಳು ನಾನೇ. ಅಂದು ಬೋರೇಗೌಡರು ಮಧ್ಯಾಹ್ನದ ಊಟ ಮುಗಿಸಿ ಬಂದು ನನ್ನ ಕೌಂಟರಿನ ಮುಂದೆ ಕುಳಿತುಬಿಟ್ಟರು. ಜೇಬಿನಲ್ಲಿ ಆ ಪತ್ರವಿತ್ತು. ಸುಮಾ ಮಧ್ಯಾಹ್ನವೇ ಇಳಿದು, ಚೀಲ ಸಮೇತ ನೇರವಾಗಿ ನಮ್ಮಲ್ಲಿಗೆ ಬಂದಳು. ಹರೀಶನ ಸುದ್ದಿಗಾಗಿ ಎಲ್ಲರೂ ಕಾಯುತ್ತಿದ್ದೆವು. ಸುದ್ದಿ ಬಂತು: ಲೇಹ್‌ನಲ್ಲಿ ಮೋಡ ಕವಿದು, ಬೆಳಗಿನಿಂದ ಒಂದು ವಿಮಾನವೂ ಏಳಲಿಲ್ಲ. ಕಾದು ಕಾದು ಕೊನೆಗೆ ಎಲ್ಲವನ್ನೂ ರದ್ದು ಮಾಡಿದ್ದರು.

ಬೋರೇಗೌಡರು ಪತ್ರವನ್ನು ತೆಗೆದು ಕೌಂಟರಿನ ಮೇಲೆ ಬಿಡಿಸಿಟ್ಟರು. ಜೋರು ಮಾಡಲಿಲ್ಲ. ಅದೇ ನನಗೆ ಹೆಚ್ಚು ಕಷ್ಟವಾಯಿತು.

"ಬೆಳಿಗ್ಗೆ ಹೊರಟೋರು ರಾತ್ರಿ ಊಟಕ್ಕೆ ಅಂತ ಬರ್ದಿದೀಯ ತಾಯಿ."

"ಹೌದು ಸಾರ್."

"ಅವನು ಹೊರಡ್ಲೇ ಇಲ್ಲ."

ಸುಮಾ ಹಳದಿ ಚೀಲವನ್ನು ಎತ್ತಿ ಪತ್ರದ ಪಕ್ಕದಲ್ಲಿ ಇಟ್ಟಳು. ಅದರ ಬಾಯಿಯಿಂದ ಉಣ್ಣೆ ಟೋಪಿ ಇಣುಕುತ್ತಿತ್ತು.

"ಯಾಕ್ ಹೊರಟಿಲ್ಲ ದೊಡ್ಡಪ್ಪ? ಅವರ ಚೀಲ ಇಲ್ಲೇ ಇದೆಯಲ್ಲ. ಪ್ರಸ್ಥಾನದ ಲೆಕ್ಕದಲ್ಲಿ ಹೊರಟಿದ್ದೂ ಆಯ್ತು, ಬಂದಿದ್ದೂ ಆಯ್ತು. ಅವರೊಬ್ರು ಬಾಕಿ, ಅಷ್ಟೆ."

ಬೋರೇಗೌಡರು ಟೋಪಿಯನ್ನು ಹೊರಗೆಳೆದು ತಿರುಗಿಸಿ ತಿರುಗಿಸಿ ನೋಡಿದರು. ಅಂಡಮಾನಿನ ತೇವಕ್ಕೆ ಅದು ಒಂಥರಾ ವಾಸನೆ ಹಿಡಿದಿತ್ತು. "ತೂ, ಮೀನಿನ ವಾಸ್ನೆ," ಎಂದರು. ಆಮೇಲೆ ತಡೆಯಲಾರದೆ ನಕ್ಕುಬಿಟ್ಟರು. ನಕ್ಕು ಮುಗಿದ ಮೇಲೆ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು.

"ನಾಳೆ ಬರ್ತಾನಾ?"

"ನಾಳೆ ಮೋಡ ಇಲ್ದಿದ್ರೆ ಮೊದಲ ವಿಮಾನದಲ್ಲೇ ಸಾರ್. ಸೀಟು ಬದಲಾಯಿಸಿದೀನಿ."

"ಪೆನ್ನು ತಗೋ. ಇದ್ರಲ್ಲಿ ಒಂದು ಮಾತು ಬಿಟ್ಟೋಗಿದೆ, ಸೇರ್ಸು."

ಅವರು ಹೇಳಿದಂತೆ ನಾನು ಆ ಪತ್ರದ ಕೊನೆಯ ಸಾಲಿನ ಮೇಲೆ, ಸಣ್ಣ ಅಕ್ಷರದಲ್ಲಿ "ಒಂದು ಬೆಳಗು ಹೆಚ್ಚುಕಡಿಮೆಯಾಗಿ" ಎಂದು ಸೇರಿಸಿ, ಪಕ್ಕದಲ್ಲಿ ರುಜು ಹಾಕಿದೆ. ಅವರು ಅದನ್ನು ಮತ್ತೊಮ್ಮೆ ಓದಿ, "ಈಗ ಸರಿಯಾಯ್ತು" ಎಂದು ಮಡಿಸಿಟ್ಟುಕೊಂಡರು. ಮಾರನೆಯ ದಿನ ಸಂಜೆ ಹರೀಶ ಬಂದ, ಕೈಯಲ್ಲಿ ಕೊಡೆ ಹಿಡಿದುಕೊಂಡೇ. ರಾತ್ರಿಯ ಊಟಕ್ಕೆ ನನ್ನನ್ನೂ ಕರೆದಿದ್ದರು.

ಈ ಕೆಲಸಕ್ಕೆ ಹೊಸದಾಗಿ ಸೇರುವವರು ಇದರಿಂದ ಏನನ್ನು ತಿಳಿದುಕೊಳ್ಳಬೇಕೆಂದು ನಾನು ಹೇಳಲು ಹೊರಟರೆ ಅಧಿಕಪ್ರಸಂಗವಾದೀತು. ಈಗ ಪೋರ್ಟ್ ಬ್ಲೇರಿನಲ್ಲಿ ಸಂಜೆಯೂ ವಿಮಾನ ಇಳಿಯುತ್ತದೆಂದು ಕೇಳಿದ್ದೇನೆ, ಹಾಗಾಗಿ ನನ್ನ ಲೆಕ್ಕವೂ ಹಳೆಯದಾಗಿದೆ. ಹುರಿಯ ಉಂಡೆ ಮಾತ್ರ ಮನೆಗೆ ತಂದಿದ್ದೇನೆ. ಇನ್ನೂ ಅರ್ಧ ಉಳಿದಿದೆ.

ಕೊನೆಯದಾಗಿ ತಮ್ಮಲ್ಲಿ ಒಂದು ಪ್ರಾರ್ಥನೆ. ಬೋರೇಗೌಡರು ನನ್ನ ಪತ್ರವನ್ನು ನನ್ನ ಕೈಯಿಂದಲೇ ತಿದ್ದಿಸಿದ ದಿನದಿಂದ, ತಿದ್ದಿಸಿಕೊಂಡ ಕಾಗದವೇ ಹೆಚ್ಚು ಬಾಳಿಕೆ ಬರುತ್ತದೆಂದು ನನಗೆ ಅನ್ನಿಸಿದೆ. ಆದುದರಿಂದ ಈ ಬರಹದಲ್ಲಿ ಕಾಗುಣಿತವಾಗಲಿ, ದೂರವಾಗಲಿ, ಹೊತ್ತಾಗಲಿ ತಪ್ಪಿದ್ದು ತಮ್ಮ ಕಣ್ಣಿಗೆ ಬಿದ್ದರೆ, ದಯಮಾಡಿ ಸಾಲಿನ ಮೇಲೆಯೇ ಸಣ್ಣ ಅಕ್ಷರದಲ್ಲಿ ತಿದ್ದಿ, ಪಕ್ಕದಲ್ಲಿ ತಮ್ಮ ರುಜು ಹಾಕಬೇಕಾಗಿ ಕೋರುತ್ತೇನೆ.

ವಿಮಲಾ
ಬಸವನಗುಡಿ